ಸೇವಾ ಕೌಂಟರ್‌ನ ಗಣಕಯಂತ್ರವು ಜಾಲದಿಂದ ಆರಂಭವಾಗದಿದ್ದಲ್ಲಿ

ಮೈಸೂರಿನ ಹೂಟಗಳ್ಳಿಯಂತಹ ಕಡೆಗಳಲ್ಲಿ ಸೇವಾ ಕೌಂಟರ್‌ಗಳ ಗಣಕಯಂತ್ರಗಳಿಗೆ ಇಮೇಜಿಂಗ್ ಸರ್ವರ್‌ನಿಂದ ಏಕರೂಪದ ತಂತ್ರಾಂಶವನ್ನು ತುಂಬುವಾಗ, ಯಂತ್ರವು ಮೊದಲು ಡಿಎಚ್‌ಸಿಪಿಯಿಂದ ಐಪಿ ವಿಳಾಸವನ್ನೂ ಬಳಿಕ ಟಿಎಫ್‌ಟಿಪಿ ಮೂಲಕ ಆರಂಭಿಕ ಕಡತವನ್ನೂ ಪಡೆಯುತ್ತದೆ. ವಿಳಾಸವೇ ದೊರೆಯದಿದ್ದಲ್ಲಿ ಕೇಬಲ್, ಸ್ವಿಚ್ ಹಾಗೂ ಡಿಎಚ್‌ಸಿಪಿಯನ್ನು ಪರಿಶೀಲಿಸತಕ್ಕದ್ದು. ವಿಳಾಸ ದೊರೆತೂ ಕಡತ ಬಾರದಿದ್ದಲ್ಲಿ ಯುಡಿಪಿ 69ನೇ ಪೋರ್ಟ್‌ಗೆ ಫೈರ್‌ವಾಲ್ ತಡೆಯೊಡ್ಡಿರಬಹುದು. ಬಯೋಸ್ ಯಂತ್ರಕ್ಕೆ ಯುಇಎಫ್‌ಐ ಕಡತ ಹೋಗಿದ್ದರೂ ಯಂತ್ರ ನಿಲ್ಲುತ್ತದೆ. ಯಂತ್ರವೇ ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಇದನ್ನು ನೋಡುವುದು ಲೇಸು.

ಅರ್ಜಿದಾರರಿಗೆ ಮುಖ್ಯವಾದುದು ಸ್ವೀಕೃತಿ ಪತ್ರ. ಸಕಾಲ ಸೇವೆಗಳಲ್ಲಿ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ದೊರೆತಿದ್ದಲ್ಲಿ ಅರ್ಜಿಯು ಕೇಂದ್ರ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಕೌಂಟರ್‌ನ ಯಂತ್ರಕ್ಕೆ ಹೊಸದಾಗಿ ತಂತ್ರಾಂಶ ತುಂಬಿದರೂ ಅದು ಅಳಿಯುವುದಿಲ್ಲ, ಕಾಲಮಿತಿಯೂ ನಿಲ್ಲುವುದಿಲ್ಲ. ದಾಖಲೆಗಳನ್ನು ಮೇಜಿನ ಮೇಲೆ ಬಿಟ್ಟು ಹೋದ ಮಾತ್ರಕ್ಕೆ ಸಂಖ್ಯೆ ದೊರೆಯದು. ಯಂತ್ರ ಆರಂಭವಾದ ಬಳಿಕ ಅದನ್ನು ಕೇಳಿ ಪಡೆಯತಕ್ಕದ್ದು.