ಹೊರಗೆ ಇಟ್ಟಿಗೆ, ಒಳಗೆ ಮರ!

ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇರುವ ಮಗ ಹೊಸ ಮನೆಯ ಫೋಟೋ ಕಳಿಸ್ತಾನೆ. ಕೆಂಪು ಇಟ್ಟಿಗೆ ಗೋಡೆ. 'ನಮ್ಮವನು ಗಟ್ಟಿ ಮನೇನೇ ತಗೊಂಡ' ಅಂತ ಅಪ್ಪ ಅಂಗಡಿಗೆ ಬಂದವರಿಗೆಲ್ಲ ತೋರಿಸ್ತಾರೆ. ಸ್ವಲ್ಪ ತಡೀರಿ ಸ್ವಾಮೀ! ಆ ಇಟ್ಟಿಗೆ ಮನೆಯನ್ನು ಹೊತ್ತೇ ಇಲ್ಲ.

ನಮ್ಮೂರ ಮೇಸ್ತ್ರಿ ಒಂಬತ್ತಿಂಚು ಗೋಡೆ ಎಬ್ಬಿಸಿದರೆ ತಾರಸಿ ಅದರ ಮೇಲೇ ಕೂರುತ್ತೆ. ಅಲ್ಲಿ ಹಾಗಲ್ಲ. ಮೊದಲು ಮರದ ಚೌಕಟ್ಟು ನಿಲ್ಲಿಸಿ ಸೂರನ್ನು ಅದಕ್ಕೆ ಹೊರಿಸುತ್ತಾರೆ. ಆಮೇಲೆ ಒಂದಿಂಚು ಸಂದು ಬಿಟ್ಟು, ಹೊರಗಡೆ ಸುಮಾರು ನಾಲ್ಕಿಂಚಿನ ಒಂಟಿ ಗೋಡೆ. ಹೆಸರು ಬ್ರಿಕ್ ವೆನೀರ್. ಇಟ್ಟಿಗೆಯ ಭಾರ ಪಾಯದ ಮೇಲೆ ನಿಂತರೂ, ಗೋಡೆ ವಾಲದಂತೆ ಹಿಡಿಯುವುದು ಮರಕ್ಕೆ ಬಿಗಿದ ಲೋಹದ ಪಟ್ಟಿಗಳು. ಅಮೆರಿಕದ ನಿಯಮದಂತೆ 2.67 ಚದರಡಿಗೆ ಒಂದಾದರೂ ಇರಬೇಕು.

ಪಟ್ಟಿ ಕಣ್ಣಿಗೆ ಕಾಣೋದಿಲ್ಲ. ಕೆಲಸಗಾರ ನಾಲ್ಕು ಬಿಟ್ಟರೂ ಕೇಳುವವರಿಲ್ಲ! 1989ರ ಡಿಸೆಂಬರ್ 28ರಂದು ಆಸ್ಟ್ರೇಲಿಯದ ನ್ಯೂಕ್ಯಾಸಲ್‌ನಲ್ಲಿ 5.6 ಪ್ರಮಾಣದ ಭೂಕಂಪವಾಗಿ 13 ಜನ ಸತ್ತರು. ಬಿದ್ದ ಇಟ್ಟಿಗೆ ಗೋಡೆಗಳನ್ನು ನೋಡಿದಾಗ ಎಷ್ಟೋ ಕಡೆ ಪಟ್ಟಿ ತುಕ್ಕು ತಿಂದಿತ್ತು, ಕೆಲವು ಕಡೆ ಇರಲೇ ಇಲ್ಲ.

ಇನ್ನು ನೀರಿನ ವಿಷಯ. ಇಟ್ಟಿಗೆ ಮಳೆ ತಡೆಯುತ್ತೆ ಅನ್ನೋದು ಅರ್ಧ ಸತ್ಯ. ಗಾಳಿಮಳೆ ಬಡಿದರೆ ಗಾರೆ ಸಂದಿನಿಂದ ನೀರು ನುಸುಳಿಯೇ ನುಸುಳುತ್ತೆ. ಒಂದಿಂಚು ಜಾಗ ಬಿಟ್ಟಿರೋದು ಅದಕ್ಕೇ. ನೀರು ಇಟ್ಟಿಗೆಯ ಬೆನ್ನಿನಗುಂಟ ಇಳಿದು, ಬುಡದಲ್ಲಿ ಹಾಸಿದ ನೀರುತಡೆ ಹಾಳೆಗೆ ಬಿದ್ದು, ಕೆಳಸಾಲಿನ ತೂತುಗಳಿಂದ ಆಚೆ ಹೋಗಬೇಕು. ಅಮೆರಿಕದಲ್ಲಿ ಈ ತೂತುಗಳ ನಡುವಿನ ಅಂತರ 33 ಇಂಚು ಮೀರುವಂತಿಲ್ಲ.

ಎಡವಟ್ಟು ಆಗೋದು ಇಲ್ಲೇ. ಕಟ್ಟುವಾಗ ಉದುರಿದ ಗಾರೆ ಸಂದಿನಲ್ಲಿ ತುಂಬಿಕೊಳ್ಳುತ್ತೆ. ಇಲ್ಲವೇ ಯಜಮಾನರು ಕೈತೋಟದ ಮಣ್ಣನ್ನು ಗೋಡೆಗೆ ಒತ್ತರಿಸುತ್ತಾರೆ. ಇನ್ನೂ ಕೆಲವರು 'ಮೇಸ್ತ್ರಿ ತೂತು ಮುಚ್ಚೋದು ಮರೆತಿದಾನೆ' ಅಂತ ತಾವೇ ಸಿಮೆಂಟು ಮೆತ್ತಿ ಬಿಡ್ತಾರೆ! ನೀರಿಗೆ ದಾರಿಯಿಲ್ಲ. ಹೊರಗೆ ಇಟ್ಟಿಗೆ ಹೊಸದರಂತೆ ಹೊಳೆಯುತ್ತಿದ್ದರೆ ಒಳಗೆ ಮರ ಕೊಳೆಯುತ್ತದೆ.

ಕಿಟಕಿಯ ಕೆಳಗೂ ಸಣ್ಣ ಸಂದು ಬೇಕು. ಮರ ಒಣಗಿ ಕುಗ್ಗುತ್ತೆ, ಸುಟ್ಟ ಇಟ್ಟಿಗೆ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗುತ್ತೆ. ಸಂದಿಗೆ ಗಾರೆ ತುಂಬಿದರೆ ಇಟ್ಟಿಗೆ ಕಿಟಕಿಯನ್ನೇ ಮೇಲಕ್ಕೆ ಒತ್ತುತ್ತದೆ. ಮೆತ್ತಗಿನ ಅಂಟು ತುಂಬಬಹುದು.

ಮಗನಿಗೆ ಫೋನ್ ಮಾಡಿದಾಗ ಗೋಡೆಯ ಬುಡದ ತೂತು ಎಣಿಸಲು ಹೇಳಿ. ಇಲಿಯ ಭಯವಿದ್ದರೆ ಸ್ಟೀಲ್ ಜಾಲರಿ ಸಿಗುತ್ತೆ, ಸಿಮೆಂಟು ಬೇಡ.