ಐದನೇ ಸ್ಥಾನ ತಂದ ವಿಶ್ವಕಪ್

ಕಂಪ್ಲಿಯ ಕಾಲುವೆ ಏರಿ, ಸಂಡೂರಿನ ಕೆಮ್ಮಣ್ಣಿನ ದಿಬ್ಬ, ಹಂಪಿಯ ಬಂಡೆಗಳ ನಡುವಿನ ಕಾಲುದಾರಿ. ಸೈಕಲ್ ಹಾರಿಸುವ ಹುಡುಗರಿಗೆ ನಮ್ಮ ಕಡೆ ಜಾಗಕ್ಕೇನೂ ಬರವಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಹುಡುಗಿಯರ ಕೈಗೂ ಸೈಕಲ್ ಬಂತು. ಆದರೆ ಅದು ಶಾಲೆಗೆ ಹೋಗಿಬರಲು ಮಾತ್ರ. ದಿಬ್ಬ ಹತ್ತಿಸಿ ಮೊಣಕಾಲು ತರಚಿಕೊಂಡರೆ ಮನೆಯಲ್ಲಿ ಬೈಗುಳ ಗ್ಯಾರಂಟಿ.

ಬಿಎಂಎಕ್ಸ್ ಎಂಬ ಸೈಕಲ್ ಓಟ ಹುಟ್ಟಿದ್ದೇ ಇಂಥ ದಿಬ್ಬಗಳ ಮೇಲೆ. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಮಕ್ಕಳು ಮೋಟೊಕ್ರಾಸ್ ಸವಾರರನ್ನು ನೋಡಿ 20 ಇಂಚಿನ ಚಕ್ರದ ಸೈಕಲ್ಲುಗಳನ್ನು ಮಣ್ಣಿಗಿಳಿಸಿದರು. 1980ರ ದಶಕದಲ್ಲಿ ಶೆರಿ ಎಲಿಯಟ್ ಎಂಬ ಹುಡುಗಿ ಆ ಓಟದಲ್ಲಿ ಹೆಸರು ಮಾಡಿದಳು. 2008ರಲ್ಲಿ ಬಿಎಂಎಕ್ಸ್ ಒಲಿಂಪಿಕ್ಸ್ ಸೇರಿತು.

ನಮ್ಮ ರಾಜ್ಯದಲ್ಲಿ ಮಣ್ಣಿನ ಹಾದಿಯ ಓಟವನ್ನು ಮೋಟಾರ್ ಬೈಕಿನ ಮೇಲೆ ಒಲಿಸಿಕೊಂಡವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ವಾರಾಂತ್ಯದಲ್ಲಿ ಬೈಕಿನಲ್ಲಿ ಸುತ್ತಾಡುತ್ತಿದ್ದ ಹುಡುಗಿ ತರಬೇತಿ ಪಡೆದು ರೇಸಿಗೆ, ಅಲ್ಲಿಂದ ರ್‍ಯಾಲಿಗೆ ಹೊರಳಿದರು. ರ್‍ಯಾಲಿ ಬರೀ ವೇಗದ ಆಟವಲ್ಲ. ಹ್ಯಾಂಡಲ್ ಮುಂದೆ ಕಾಗದದ ಸುರುಳಿಯಂತೆ ರೋಡ್‌ಬುಕ್ ಇರುತ್ತದೆ. ಎಲ್ಲಿ ತಿರುವು, ಎಲ್ಲಿ ಹಳ್ಳ ಎಂಬುದನ್ನು ಅದರ ಗುರುತುಗಳಲ್ಲಿ ಓದಿಕೊಳ್ಳುತ್ತ, ಫುಟ್‌ರೆಸ್ಟ್ ಮೇಲೆ ನಿಂತೇ ಕಲ್ಲು, ಧೂಳಿನಲ್ಲಿ ಗಾಡಿ ಓಡಿಸಬೇಕು. ಕಣ್ಣು ಒಂದು ಗಳಿಗೆ ತಪ್ಪಿದರೂ ಬಿದ್ದಂತೆಯೇ.

ಅವರೂ ಬಿದ್ದರು. 2017ರ ರೇಡ್ ಡಿ ಹಿಮಾಲಯ ರ್‍ಯಾಲಿಯಲ್ಲಿ ಕೊರಳೆಲುಬು ಮುರಿಯಿತು, ಸ್ಟೀಲ್ ಪ್ಲೇಟ್ ಹಾಕಿಸಿಕೊಳ್ಳಬೇಕಾಯಿತು. 2018ರಲ್ಲಿ ಸ್ಪೇನಿನ ಬಾಹಾ ಅರಗಾನ್ ರ್‍ಯಾಲಿಗೆ ಹೋದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. ಅಲ್ಲಿ ಬಿದ್ದ ಪೆಟ್ಟು ಮೇದೋಜೀರಕ ಗ್ರಂಥಿಗೇ ತಗುಲಿತು. ಇಷ್ಟಾದ ಮೇಲೆ ಆಟ ಬಿಟ್ಟಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ.

2019ರಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ (ಎಫ್‌ಐಎಂ) ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗಕ್ಕೆ ಮತ್ತೆ ಇಳಿದರು. ದುಬೈನಲ್ಲಿ ಮೊದಲ ಸ್ಥಾನ, ಪೋರ್ಚುಗಲ್‌ನಲ್ಲಿ ಮೂರನೆಯದು, ಹಂಗೆರಿಯಲ್ಲಿ ನಾಲ್ಕನೆಯದು. ನಡುವೆ ಸ್ಪೇನ್‌ ಸುತ್ತು, ಅಲ್ಲಿ ಐದನೆಯದು. ಒಟ್ಟು 65 ಅಂಕ. ಪೋರ್ಚುಗಲ್‌ನ ರೀಟಾ ವಿಯೆರಾ 61ಕ್ಕೆ ನಿಂತರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಮೊದಲ ಬಾರಿಗೆ ಭಾರತಕ್ಕೆ ಬಂತು.

ದುಬೈ ಗೆಲುವು ಯಾರ ಕಣ್ಣಿಗೂ ಬೀಳುವಂಥದ್ದು. ನನಗೆ ದೊಡ್ಡದಾಗಿ ಕಾಣುವುದು ಸ್ಪೇನಿನ ಆ ಐದನೇ ಸ್ಥಾನ. ಹಿಂದಿನ ವರ್ಷ ಆಸ್ಪತ್ರೆಗೆ ಅಟ್ಟಿದ್ದ ದೇಶದ ಮಣ್ಣಿನಲ್ಲೇ ಗಾಡಿಯನ್ನು ಗುರಿ ಮುಟ್ಟಿಸಿ ಗಳಿಸಿದ್ದು 11 ಅಂಕ. ಅದನ್ನು ಕಳೆದರೆ ಉಳಿಯುವುದು 54, ಕಪ್ ರೀಟಾ ಪಾಲು.