ಮಧುಮೇಹಿಗಳ ಹೃದಯಕ್ಕೆ ನಡಿಗೆಯೋ, ವಿಟಮಿನ್ ಮಾತ್ರೆಯೋ?

ಮಧುಮೇಹವು ರಕ್ತನಾಳಗಳ ಒಳಪದರವನ್ನು ಕ್ರಮೇಣ ಕೆಡಿಸುವುದರಿಂದ ಹೃದಯಾಘಾತದ ಅಪಾಯ ಹೆಚ್ಚುತ್ತದೆ. ನರಗಳು ದುರ್ಬಲಗೊಂಡವರಲ್ಲಿ ಎದೆನೋವಿಲ್ಲದೆಯೇ ಆಘಾತ ಸಂಭವಿಸುವುದುಂಟು. ಈ ಭಯದಿಂದ ನಮ್ಮಲ್ಲಿ ಅನೇಕರು ವಿಟಮಿನ್ ಮಾತ್ರೆಗಳ ಮೊರೆಹೋಗುತ್ತೇವೆ.

ಆದರೆ 2000ದಲ್ಲಿ ಪ್ರಕಟವಾದ ‘ಹೋಪ್’ ಅಧ್ಯಯನದಲ್ಲಿ, ಮಧುಮೇಹಿಗಳೂ ಸೇರಿದ್ದ 9,000ಕ್ಕೂ ಹೆಚ್ಚು ಜನರಲ್ಲಿ ವಿಟಮಿನ್ ಇ ಹೃದಯಾಘಾತವನ್ನು ತಡೆಯಲಿಲ್ಲ. 2018ರ ‘ವೈಟಲ್’ ಅಧ್ಯಯನದಲ್ಲಿ ವಿಟಮಿನ್ ಡಿಯಿಂದಲೂ ಆ ಫಲ ದೊರೆಯಲಿಲ್ಲ. ಕೊರತೆಯಿದ್ದಲ್ಲಿ ಮಾತ್ರ ಪೂರಕ ಮಾತ್ರೆ ಅಗತ್ಯ. ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರು ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ನಡಿಗೆಯ ಫಲವಾದರೋ ನಿಶ್ಚಿತ. ದುಡಿಯುವ ಸ್ನಾಯುಗಳು ಇನ್ಸುಲಿನ್ ಕಡಿಮೆಯಿದ್ದರೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ರಕ್ತದೊತ್ತಡವೂ ತಗ್ಗುತ್ತದೆ. ವೈದ್ಯರ ಸಲಹೆ ಪಡೆದು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯೋಣ. ಮಂಗಳೂರಿನ ಸೆಕೆ ಏರುವ ಮುನ್ನವೇ ಕದ್ರಿ ಉದ್ಯಾನವನಕ್ಕೋ ಪಣಂಬೂರು ಕಡಲತೀರಕ್ಕೋ ಹೊರಡೋಣ. ಮಳೆಗಾಲದಲ್ಲಿ ಮನೆಯ ಜಗಲಿಯೇ ಸಾಕು. ಪಾದದ ಸ್ಪರ್ಶಜ್ಞಾನ ಕುಂದಿದವರು ಮರಳಿನಲ್ಲಿ ಬರಿಗಾಲಲ್ಲಿ ನಡೆಯಬಾರದು. ಇನ್ಸುಲಿನ್ ಪಡೆಯುವವರು ಸ್ವಲ್ಪ ಸಕ್ಕರೆಯನ್ನು ಜೊತೆಯಲ್ಲಿರಿಸಿಕೊಳ್ಳಬೇಕು.

ಅಕಾರಣವಾಗಿ ಉಬ್ಬಸ, ತಣ್ಣನೆಯ ಬೆವರು, ವಿಪರೀತ ಆಯಾಸ ಕಂಡುಬಂದರೆ, ಎದೆನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ತೆರಳಬೇಕು.